ಹಾನಿ ಕಂಡುಬಂದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನನ್ನ ಬೈಕಿನ ಮೇಲೆ ನೀರಿನ ಟ್ಯಾಂಕರ್ ಹತ್ತಿದ್ದು ನನ್ನ ತಪ್ಪಲ್ಲ. ನಾನು ಗಾಡಿಯ ಮೇಲೆ ಇರಲೇ ಇಲ್ಲ. ಒಂದು ಮನೆಯ ಎರಡನೇ ಮಹಡಿಯಲ್ಲಿ, ಸೂಜಿ ಕಂಡರೆ ಕಣ್ಣುಮುಚ್ಚುವ ಒಬ್ಬ ಪೈಲ್ವಾನನ ತೋಳು ಹಿಡಿದುಕೊಂಡು, "ಆಯ್ತು, ಆಯ್ತು, ಇರುವೆ ಕಚ್ಚಿದಷ್ಟೇ" ಅಂತ ರಮಿಸುತ್ತಾ ರಕ್ತ ತೆಗೆಯುತ್ತಿದ್ದೆ. ಕೆಳಗಿನಿಂದ ಧಡಾರ್ ಅಂತ ಸದ್ದು ಬಂತು. ಪೈಲ್ವಾನ ಮೂರ್ಛೆ ಹೋದ. ಕಿಟಕಿಯಿಂದ ಬಗ್ಗಿ ನೋಡಿದರೆ, ರಿವರ್ಸ್ ಬಂದ ಟ್ಯಾಂಕರಿನ ಚಕ್ರದ ಪಕ್ಕ ನನ್ನ ಗಾಡಿ ಅಂಗಾತ ಬಿದ್ದಿದೆ. ಡ್ರೈವರ್ ಇಳಿದ, ನೋಡಿದ, ತಲೆ ಕೆರೆದುಕೊಂಡ, ಮತ್ತೆ ಹತ್ತಿ ಹೊರಟೇಹೋದ. ನಂಬರ್ ಓದೋಣವೆಂದರೆ ಅಲ್ಲಿ ಕೆಸರು. ಅದರ ಮೇಲೆ 'ನೀರು ಉಳಿಸಿ' ಅನ್ನೋದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ನನ್ನ ಕೆಲಸ ಇದೇ. ಒಂದು ಲ್ಯಾಬಿನವರಿಗೆ ಮನೆಮನೆಯಿಂದ ರಕ್ತ ತಂದುಕೊಡೋದು. ಬೆಳಗ್ಗೆ ಆರಕ್ಕೆ ಹೊರಟರೆ ಹತ್ತೂವರೆಯೊಳಗೆ ಇಪ್ಪತ್ತೆರಡು ಮನೆ. ಆ ಇಪ್ಪತ್ತೆರಡು ಮನೆಯವರೂ ರಾತ್ರಿಯಿಂದ ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ ನನ್ನ ದಾರಿ ಕಾಯುತ್ತಾ ಕೂತಿರುತ್ತಾರೆ. ಹಸಿದವರ ಹತ್ತಿರ ಹತ್ತು ನಿಮಿಷ ತಡವಾಗಿ ಹೋಗಿ ನೋಡಿ, ಗೊತ್ತಾಗುತ್ತೆ ಮನುಷ್ಯರ ಬಣ್ಣ. ಅದಕ್ಕೇ ಲ್ಯಾಬಿನವರ ಷರತ್ತು ಒಂದೇ: ಸ್ವಂತ ಗಾಡಿ ಇರಬೇಕು, ಅದು ಓಡಬೇಕು.

ಬೀದಿಯಲ್ಲಿ ನನ್ನನ್ನು ಸೂಜಿಯಮ್ಮ ಅಂತಾರೆ. ನಮ್ಮ ಯಜಮಾನರನ್ನು ಸುತ್ತಿಗೆ ಮಾಮ ಅಂತಾರೆ. ಮನೆಯ ಪಕ್ಕದಲ್ಲೇ ಅವರ ತಗಡಿನ ಶೆಡ್ಡು. ನೆಗ್ಗಿದ ಟ್ಯಾಂಕು, ಸೊಟ್ಟಗಾದ ಮಡ್‌ಗಾರ್ಡು, ಜಜ್ಜಿಹೋದ ಕಾರಿನ ಬಾಗಿಲು, ಏನೇ ತಂದುಕೊಟ್ಟರೂ ತಟ್ಟಿ ಮೊದಲಿನ ಹಾಗೆ ಮಾಡಿಕೊಡುತ್ತಾರೆ. ನಲವತ್ತು ವರ್ಷದಿಂದ ಅದೊಂದೇ ಕೆಲಸ. ಒಳ್ಳೆಯ ಮನುಷ್ಯ, ಕುಡಿಯಲ್ಲ, ಸೇದಲ್ಲ, ಯಾರ ಹತ್ತಿರವೂ ಜಗಳವಿಲ್ಲ. ಒಂದೇ ಒಂದು ಕೆಟ್ಟ ಚಟ ಅಂದರೆ ನೆಗ್ಗು ಕಂಡರೆ ಕೈ ಸುಮ್ಮನಿರಲ್ಲ. ನೆಂಟರ ಮನೆಗೆ ಹೋದರೆ ಅವರ ಪಾತ್ರೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ನನ್ನ ತಂಗಿಯ ಮದುವೆಯ ದಿನ ಅಡುಗೆಮನೆಯಲ್ಲಿ ಕೂತು ಹಂಡೆ ತಟ್ಟುತ್ತಿದ್ದವರು ಇವರು. ಬಿಲ್ಲು ಗಿಲ್ಲು ಬರೆಯೋ ಅಭ್ಯಾಸ ಇಲ್ಲ. ಕೊಟ್ಟಷ್ಟು ಇಸ್ಕೊಳ್ಳೋದು, ಜೇಬಿಗೆ ಹಾಕ್ಕೊಳ್ಳೋದು.

ಗಾಡಿಯನ್ನು ಒಂದು ಆಟೋದಲ್ಲಿ ಹೇರಿಕೊಂಡು ಶೆಡ್ಡಿಗೆ ತಂದೆ. ಟ್ಯಾಂಕಿನ ಬಲಗಡೆ ಅಂಗೈ ಅಗಲ ನೆಗ್ಗಿತ್ತು. ಹೆಡ್‌ಲೈಟ್ ಪುಡಿ. ಹ್ಯಾಂಡಲ್ ಒಂದು ಕಡೆಗೆ, ಚಕ್ರ ಇನ್ನೊಂದು ಕಡೆಗೆ. ಮುಂದಿನ ಚಕ್ರವನ್ನು ಹಿಡಿದುಕೊಂಡಿರುವ ಎರಡು ಪೈಪು ಇರುತ್ತಲ್ಲ, ಫೋರ್ಕ್ ಅಂತಾರೆ, ಅದು ಬಾಗಿಹೋಗಿತ್ತು. ಯಜಮಾನರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಅವರ ಕಣ್ಣಲ್ಲಿ ಹೊಳಪು ಕಂಡು ನಾನು ಅಡ್ಡ ನಿಂತೆ.

"ರೀ, ಕೈ ಹಚ್ಚಬೇಡಿ. ಇದಕ್ಕೆ ಇನ್ಶೂರೆನ್ಸ್ ಇದೆ. ಏಳು ವರ್ಷದಿಂದ ಫುಲ್ ಇನ್ಶೂರೆನ್ಸ್ ಕಟ್ಟಿದ್ದೀನಿ, ಒಂದು ಕಾಸು ಇಸ್ಕೊಂಡಿಲ್ಲ," ಅಂದೆ.

"ನಾನೇನು ಮಾಡ್ದೆ ಈಗ?" ಅಂದರು.

ಕಂಪನಿಗೆ ಫೋನ್ ಮಾಡಿದೆ. ಹದಿನೆಂಟು ನಿಮಿಷ ಕೊಳಲು ಕೇಳಿಸಿದರು. ಆಮೇಲೆ ಒಬ್ಬಳು ಹುಡುಗಿ ಲೈನಿಗೆ ಬಂದು, ನನ್ನ ಗಾಡಿ ಜಜ್ಜಿಹೋಗಿದ್ದಕ್ಕೆ ಸಂತಾಪ ಹೇಳಿ, ನಲವತ್ತೆಂಟು ಗಂಟೆಯೊಳಗೆ ಸರ್ವೇಯರ್ ಬಂದು ನೋಡುತ್ತಾರೆ, ಅಲ್ಲಿಯವರೆಗೆ ಗಾಡಿಯನ್ನು ಯಾರೂ ಮುಟ್ಟಬಾರದು, ಈಗ ಹೇಗಿದೆಯೋ ಹಾಗೇ ಇರಬೇಕು ಅಂದಳು. ಎರಡು ಫೋಟೋ ಕಳಿಸಿ ಅಂದಳು, ಕಳಿಸಿದೆ. ಮನೆಯಿಂದ ಒಂದು ಹಳೇ ಬೆಡ್‌ಶೀಟ್ ತಂದು ಗಾಡಿಗೆ ಹೊದಿಸಿ, ನಾಲ್ಕೂ ಮೂಲೆಗೆ ಹಗ್ಗ ಬಿಗಿದು, "ಇದನ್ನ ಬಿಚ್ಚಿದ್ರೆ ನೋಡಿ" ಅಂತ ಯಜಮಾನರಿಗೆ ಎಚ್ಚರಿಕೆ ಕೊಟ್ಟೆ.

ಕಂಪನಿಯ ನಲವತ್ತೆಂಟು ಗಂಟೆ ಮುಗಿಯೋಕೆ ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ದಿನ ನಾನು ಬಸ್ಸಿನಲ್ಲಿ ತಿರುಗಿದೆ. ಒಂದು ಕೈಯಲ್ಲಿ ಐಸ್ ಹಾಕಿದ ರಕ್ತದ ಡಬ್ಬಿ, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ. ಇಪ್ಪತ್ತೆರಡರಲ್ಲಿ ಹದಿನಾಲ್ಕು ಮನೆ ಮುಟ್ಟಿದರೆ ಹೆಚ್ಚು. ಒಬ್ಬರು ನಿವೃತ್ತ ಮೇಷ್ಟ್ರು ಬಾಗಿಲು ತೆಗೆದವರೇ, "ಇನ್ನೊಂದು ಅರ್ಧ ಗಂಟೆ ತಡ ಆಗಿದ್ರೆ ರಕ್ತ ಅಲ್ಲಮ್ಮ, ಹೆಣ ತಗೊಂಡು ಹೋಗಬೇಕಾಗಿತ್ತು" ಅಂದರು. ಲ್ಯಾಬಿನ ಸೂಪರ್‌ವೈಸರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. "ತಿಂಗಳ ಕೊನೆಯವರೆಗೆ ನೋಡೋಣ ಅಕ್ಕ. ಅಷ್ಟರಲ್ಲಿ ಗಾಡಿ ಬರದಿದ್ರೆ ನಿಮ್ಮ ರೂಟನ್ನ ಬೇರೆಯವರಿಗೆ ಕೊಡಬೇಕಾಗುತ್ತೆ," ಅಂತ ಮೆಲ್ಲಗೆ ಹೇಳಿದ. ನಮ್ಮ ಮನೆ ನಡೆಯೋದು ನನ್ನ ರೂಟಿನಿಂದ. ಶೆಡ್ಡಿನಿಂದ ಬರೋದು ತರಕಾರಿಗೆ ಸಾಕು.

ಒಂಬತ್ತನೇ ದಿನ ಮಧ್ಯಾಹ್ನ ಸರ್ವೇಯರ್ ಬಂದರು. ನಲವತ್ತರ ಆಸುಪಾಸಿನ ಬಡಕಲು ಮನುಷ್ಯ, ಕಂಕುಳಲ್ಲಿ ಒಂದು ಟ್ಯಾಬ್, ಕುತ್ತಿಗೆಗೆ ಒಂದು ಅಳತೆಯ ಟೇಪು. "ಇವತ್ತು ಹನ್ನೊಂದನೇ ಗಾಡಿ ಅಮ್ಮ, ಬೇಗ ತೋರಿಸಿ," ಅಂದರು. ನಾನು ನೀರು ಕೊಟ್ಟೆ, ಶೆಡ್ಡಿಗೆ ಕರೆದುಕೊಂಡು ಹೋದೆ, ಹಗ್ಗ ಬಿಚ್ಚಿದೆ, "ನೋಡಿ ಸಾರ್, ನೀವೇ ನೋಡಿ ನನ್ನ ಗಾಡಿಯ ಅವಸ್ಥೆ" ಅಂತ ಬೆಡ್‌ಶೀಟ್ ಎಳೆದೆ.

ಗಾಡಿ ಫಳಫಳ ಅಂತಿತ್ತು.

ಟ್ಯಾಂಕಿನ ಮೇಲೆ ನನ್ನ ಮುಖ ಕಂಡಿತು, ಬಾಯಿ ತೆರೆದುಕೊಂಡೇ ಇತ್ತು. ಹೆಡ್‌ಲೈಟ್ ಹೊಸದು. ಹ್ಯಾಂಡಲ್ ನೆಟ್ಟಗೆ. ಕೊಂಡ ದಿನವೂ ಅದು ಅಷ್ಟು ಚೆನ್ನಾಗಿ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಯಜಮಾನರು ಮೂಲೆಯಲ್ಲಿ ಕೈಕಟ್ಟಿ ನಿಂತು ಛಾವಣಿ ನೋಡುತ್ತಿದ್ದರು.

"ರೀ!" ಅಂದೆ.

"ಒಂದೇ ಒಂದು ಏಟು ಹಾಕೋಣ ಅಂತ ಬಿಚ್ಚಿದ್ದು ಕಣೇ," ಅಂದರು. "ಶೆಡ್ಡಿಗೆ ಬಂದವರೆಲ್ಲ ಬೆಡ್‌ಶೀಟ್ ಎತ್ತಿ ನೋಡ್ತಿದ್ರು. ಏನ್ ಮಾಮ, ನಿಮ್ಮ ಮನೆ ಗಾಡೀನೇ ಹೀಗಾ ಅಂತಿದ್ರು. ಊಟ ಸೇರ್ತಿರಲಿಲ್ಲ ನನಗೆ."

ನಾನು ಬೆಳಗಿನ ಹೊತ್ತು ಬಸ್ಸಿನಲ್ಲಿ ನೇತಾಡುವಾಗ ಇವರು ಬಿಚ್ಚಿ ತಟ್ಟೋದು, ನಾನು ಬರುವಷ್ಟರಲ್ಲಿ ಮತ್ತೆ ಹೊದಿಸಿ ಅದೇ ಗಂಟು ಹಾಕೋದು. ತಟ್ಟುವ ಸದ್ದು, ಪೇಂಟಿನ ವಾಸನೆ ನಮ್ಮ ಮನೆಗೆ ಹೊಸದಲ್ಲ. ನನಗೆ ಅನುಮಾನ ಬರಬೇಕಾದರೆ ಅವು ನಿಲ್ಲಬೇಕಾಗಿತ್ತು.

ಸರ್ವೇಯರ್ ಕೂತು ನೋಡಿದರು, ನಿಂತು ನೋಡಿದರು. ಟ್ಯಾಂಕಿನ ಮೇಲೆ ಕೈಯಾಡಿಸಿದರು. "ನೆಗ್ಗಿದ್ದು ಎಲ್ಲಿ?" ಅಂದರು.

"ನೀವೇ ಹುಡುಕಿ ನೋಡಿ," ಅಂದರು ಯಜಮಾನರು. ಸುಮ್ಮನೆ ತೋರಿಸಬಾರದಾ? ಇಲ್ಲ! ಪರೀಕ್ಷೆ ಮಾಡುತ್ತಿದ್ದಾರೆ ಮಹಾನುಭಾವರು. ಸರ್ವೇಯರ್ ಎಡಗಡೆ ಬೆರಳಿಟ್ಟರು. "ಅಲ್ಲ," ಅಂತ ಇವರು ನಕ್ಕರು. ಬಲಗಡೆ ಕೆಳಗಿಟ್ಟರು. "ಅದೂ ಅಲ್ಲ."

"ಸಾರ್, ಫೋಟೋ ಕಳಿಸಿದ್ದೀನಲ್ಲ, ಅದರಲ್ಲಿ ನೋಡಿ," ಅಂದೆ, ಅಳುವುದೊಂದು ಬಾಕಿ ಇತ್ತು.

ಅವರು ಟ್ಯಾಬ್ ತೆಗೆದು ತೋರಿಸಿದರು. ಒಂದು ಫೋಟೋದಲ್ಲಿ ನೆಗ್ಗಿದ ಟ್ಯಾಂಕ್. ಇನ್ನೊಂದರಲ್ಲಿ ನೆಲದ ಮೇಲೆ ಬಿದ್ದಿದ್ದ ನಂಬರ್ ಪ್ಲೇಟು. "ನೆಗ್ಗಿರೋ ಗಾಡಿಗೆ ನಂಬರ್ ಇಲ್ಲ. ನಂಬರ್‌ಗೆ ಗಾಡಿ ಇಲ್ಲ. ಎರಡೂ ಒಂದೇ ಫೋಟೋದಲ್ಲಿ ಬರಬೇಕಿತ್ತು ಅಮ್ಮ. ನಿಯಮ."

ಆಮೇಲೆ ಟ್ಯಾಬಿನಲ್ಲಿ ಬೆರಳಾಡಿಸುತ್ತಾ ಗಟ್ಟಿಯಾಗಿ ಓದಿಕೊಂಡೇ ಬರೆದರು: 'ವಾಹನವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಯಾವುದೇ ಹಾನಿ ಕಂಡುಬಂದಿಲ್ಲ.' ಹೋಗುವಾಗ ಯಜಮಾನರ ಕೈ ಹಿಡಿದು ಕುಲುಕಿ, "ಹದಿನೈದು ವರ್ಷದ ಸರ್ವೀಸಿನಲ್ಲಿ ಇಂಥ ಕೆಲಸ ನೋಡಿಲ್ಲ ಯಜಮಾನ್ರೇ," ಅಂದರು. ಕ್ಲೇಮ್ ಮಣ್ಣುಪಾಲು. ಇವರ ಮುಖ ನೋಡಬೇಕಿತ್ತು, ಊರಗಲ.

ಸಂಜೆಯವರೆಗೆ ನಾನು ಬೈದಿದ್ದನ್ನು ಇಲ್ಲಿ ಬರೆಯಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅವರು ಅತ್ತ ಹೋದಾಗ ನಾನೂ ಟ್ಯಾಂಕಿನ ಮೇಲೆ ಕೈಯಾಡಿಸಿದೆ. ನೆಗ್ಗು ಎಲ್ಲಿತ್ತು ಅಂತ ಗೊತ್ತಿದ್ದ ನನಗೂ ಸಿಗಲಿಲ್ಲ. ಹಾಳಾದ ಮನುಷ್ಯ, ಎಂಥ ಕೈ ಅಂತ ಅನ್ನಿಸಿತು.

ಸರಿ, ದುಡ್ಡು ಬರದಿದ್ದರೇನು, ಗಾಡಿಯಾದರೂ ಆಯಿತಲ್ಲ ಅಂತ ಮಾರನೇ ದಿನದಿಂದ ಓಡಿಸತೊಡಗಿದೆ. ಇಪ್ಪತ್ತೆರಡು ಮನೆ, ಹತ್ತೂವರೆಗೆ ಲ್ಯಾಬು. ಮೇಷ್ಟ್ರು ಬದುಕಿಕೊಂಡರು. ಮನೆಗೆ ಬಂದರೆ ಯಜಮಾನರದ್ದು ಒಂದೇ ವಿಚಾರಣೆ: "ಬ್ರೇಕ್ ಹಿಡಿದಾಗ ನಡುಗುತ್ತಾ? ಗುಂಡಿಗೆ ಇಳಿಸ್ಬೇಡ. ಮೆಲ್ಲಗೆ ಹೋಗು." ಮೂವತ್ತು ವರ್ಷದ ಸಂಸಾರದಲ್ಲಿ ಇಲ್ಲದ ಅಕ್ಕರೆ ಈಗ ಎಲ್ಲಿಂದ ಬಂತಪ್ಪಾ ಅಂದುಕೊಂಡೆ. ಮೂರನೇ ದಿನ ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದುಕೊಂಡು, ತಟ್ಟೆಯ ಕಡೆ ನೋಡುತ್ತಾ ಹೇಳಿದರು.

"ಟ್ಯಾಂಕ್ ಬಗ್ಗೆ ಯೋಚನೆ ಮಾಡಬೇಡ. ಫೋರ್ಕ್ ಮಾತ್ರ... ಅದನ್ನ ನೆಟ್ಟಗೆ ಮಾಡಿದ್ದೀನಿ. ದಾರ ಹಿಡಿದು ನೋಡಿದ್ದೀನಿ, ಕೂದಲೆಳೆಯಷ್ಟೂ ಸೊಟ್ಟ ಇಲ್ಲ. ಆದ್ರೆ ಒಂದು ಸಲ ಬಾಗಿದ ಜಾಗದಲ್ಲಿ ಪೈಪು ಬಲ ಕಳ್ಕೊಂಡಿರುತ್ತೆ. ಹತ್ತು ವರ್ಷ ಬಂದರೂ ಬಂತು. ನಾಳೆ ಒಂದು ಗುಂಡೀಲಿ ಮುರಿದರೂ ಮುರೀತು. ಹೊಸದು ಹಾಕಬೇಕು."

"ಇದು ನಿಮಗೆ ಯಾವತ್ತು ಗೊತ್ತಾಯ್ತು?"

"ಮಾಡುವಾಗ್ಲೇ ಗೊತ್ತಿತ್ತು."

ನಾನು ತಟ್ಟೆ ಬಿಟ್ಟು ಎದ್ದೆ. "ಮೂರು ದಿನ! ಮೂರು ದಿನ ನಾನು ಅದರ ಮೇಲೆ ಕೂತು ಓಡಾಡಿದ್ದೀನಿ. ಮುಂದಿನ ಚಕ್ರ ಕಿತ್ಕೊಂಡು ಹೋಗಿದ್ರೆ? ನಾನು ಸತ್ತಿದ್ರೆ ಏನ್ರೀ ಮಾಡ್ತಿದ್ರಿ, ನನ್ನನ್ನೂ ತಟ್ಟಿ ಸರಿಮಾಡ್ತಿದ್ರಾ?"

"ಹೇಳೋಣ ಅಂತ ದಿನಾ ಬಾಯಿ ತೆಗೀತಿದ್ದೆ," ಅಂದರು. "ಆ ಮನುಷ್ಯ ಅಷ್ಟು ಹೊಗಳಿ ಹೋದ. ನಾಲಿಗೆ ಹೊರಳಲಿಲ್ಲ." ಅವರ ಕಣ್ಣು ತುಂಬಿತ್ತು. ನಾನು ಆವತ್ತು ಕರಗಲಿಲ್ಲ.

ಹೊಸ ಫೋರ್ಕಿಗೆ ಎಂಟು ಸಾವಿರದ ನಾನೂರು. ಮನೆಯಲ್ಲಿ ಅಷ್ಟಿರಲಿಲ್ಲ. ತಿಂಗಳ ಕೊನೆಗೆ ಇನ್ನು ಹನ್ನೆರಡು ದಿನ. ಮತ್ತೆ ಬಸ್ಸು ಹಿಡಿದೆ. ಕಂಪನಿಯ ಕಚೇರಿಗೆ ಯಜಮಾನರನ್ನು ಎಳೆದುಕೊಂಡು ಹೋದೆ.

ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ, ಅದರಲ್ಲಿ ಅಪ್ಪ ಅಮ್ಮ ಮಕ್ಕಳು ಯಾವುದಕ್ಕೋ ವಿಪರೀತ ನಗುತ್ತಿದ್ದರು. ಕೆಳಗೆ ಕುರ್ಚಿಗಳಲ್ಲಿ ನಮ್ಮಂಥವರು ಚೀಟಿ ಹಿಡಿದು ಕೂತಿದ್ದರು, ಯಾರೂ ನಗುತ್ತಿರಲಿಲ್ಲ. ಕ್ಲೇಮ್ ನೋಡುವ ಮೇಡಂ ಒಳ್ಳೆಯವರೇ. ನಮ್ಮನ್ನು ಕೂರಿಸಿ, ಪೂರ್ತಿ ಕೇಳಿಸಿಕೊಂಡು, ಫೈಲು ತೆರೆದರು.

"ಹಾನಿ ಕಂಡುಬಂದಿಲ್ಲ ಅಂತಿದೆಯಲ್ಲ ಅಮ್ಮ. ಇಲ್ಲದ ಹಾನಿಗೆ ದುಡ್ಡು ಹೇಗೆ ಕೊಡೋದು?"

"ಇದೆ ಮೇಡಂ, ಒಳಗಿದೆ. ಕಣ್ಣಿಗೆ ಕಾಣಲ್ಲ."

"ಕಣ್ಣಿಗೆ ಕಾಣದ್ದನ್ನ ಯಾರು ನೋಡಿದ್ದು?"

"ನಾನು," ಅಂದರು ಯಜಮಾನರು, ಕುರ್ಚಿಯ ತುದಿಯಲ್ಲಿ ಕೂತು.

ಮೇಡಂ ಸ್ವಲ್ಪ ಯೋಚಿಸಿದರು. ಒಂದು ದಾರಿ ಇದೆ ಅಂದರು. ರಿಪೇರಿ ಮಾಡಿದವನೇ ತನ್ನ ರಿಪೇರಿ ಸರಿಯಿಲ್ಲ ಅಂತ ಬರೆದುಕೊಟ್ಟರೆ, ಆ ಭಾಗ ಇನ್ನೂ ರಿಪೇರಿಯೇ ಆಗಿಲ್ಲ ಅಂತ ಲೆಕ್ಕ. ಆಗ ಫೋರ್ಕಿಗೆ ದುಡ್ಡು ಬರುತ್ತೆ. ಡ್ರಾಯರಿನಿಂದ ಅಚ್ಚು ಹಾಕಿದ ಒಂದು ಫಾರಂ ತೆಗೆದು ಓದಿದರು: "ನಾನು ಮಾಡಿದ ದುರಸ್ತಿ ಕೆಲಸ ನಂಬಲು ಯೋಗ್ಯವಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ."

ಯಜಮಾನರು ಫಾರಂ ಇಸ್ಕೊಂಡು, ಬೆರಳಿಟ್ಟು ಒಂದೊಂದೇ ಪದ ಓದಿದರು. ಆಮೇಲೆ, "ಫೋರ್ಕ್ ಒಂದೇ ಅಂತ ಸೇರಿಸಿ ಮೇಡಂ. ಟ್ಯಾಂಕಿಗೆ ನಾನು ಗ್ಯಾರಂಟಿ," ಅಂದರು.

"ಫಾರಮ್ಮಿನಲ್ಲಿ ಅದಕ್ಕೆ ಜಾಗ ಇಲ್ಲ ಯಜಮಾನ್ರೇ. ಇದೊಂದು ಔಪಚಾರಿಕ ಕಾಗದ ಅಷ್ಟೇ, ಫೈಲೊಳಗೆ ಇರುತ್ತೆ. ಯಾರು ನೋಡ್ತಾರೆ?"

ಅವರು ನನ್ನ ಕಡೆ ನೋಡಿದರು. ನನ್ನ ರೂಟು, ನನ್ನ ಇಪ್ಪತ್ತೆರಡು ಮನೆ, ನನ್ನ ಕುತ್ತಿಗೆ, ಎಲ್ಲಾ ಆ ಸಹಿಯ ಮೇಲೆ ನಿಂತಿತ್ತು. ನಾನು ಹಾಕಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದೇ ಅಕ್ಷರ ಒತ್ತಿ ಒತ್ತಿ ಸಹಿ ಹಾಕಿದರು. ಮೆಟ್ಟಿಲಿಳಿಯುವಾಗ, "ಹೋಗ್ಲಿ ಬಿಡು, ನೀನು ಜೋಪಾನವಾಗಿದ್ರೆ ಸಾಕು," ಅಂದರು.

ಆರನೇ ದಿನ ದುಡ್ಡು ಬಂತು. ನಾಲ್ಕು ಸಾವಿರದ ಇನ್ನೂರು. ಎಂಟು ಸಾವಿರದ ನಾನೂರರಲ್ಲಿ ಅರ್ಧ ಎಲ್ಲಿ ಹೋಯಿತು ಅಂತ ಕೇಳಿದರೆ ಒಂದು ಪಟ್ಟಿ ಕಳಿಸಿದರು. ಏಳು ವರ್ಷದ ಗಾಡಿಯಾದ್ದರಿಂದ ಕಬ್ಬಿಣಕ್ಕೆ ಸವಕಳಿ, ರಬ್ಬರಿಗೆ ಬೇರೆ ಸವಕಳಿ, ಮೊದಲ ಐನೂರು ಹೇಗೂ ನನ್ನದೇ ಹೊಣೆ, ಹಳೇ ಫೋರ್ಕನ್ನು ಗುಜರಿಗೆ ಮಾರಿಕೊಳ್ಳಬಹುದಾದ್ದರಿಂದ ಅದರ ಬೆಲೆಯೂ ಕಡಿತ. ಏಳು ವರ್ಷ ನಾನು ಕಟ್ಟಿದ ಕಂತಿಗೆ ಯಾರೂ ಸವಕಳಿ ಹಿಡಿದಿರಲಿಲ್ಲ, ಪೂರ್ತಿ ಎಣಿಸಿಕೊಂಡಿದ್ದರು. ಟ್ಯಾಂಕಿಗೆ ಸೊನ್ನೆ, ಯಾಕೆಂದರೆ ಹಾನಿ ಕಂಡುಬಂದಿಲ್ಲ. ಒಂಬತ್ತು ದಿನದ ಕೂಲಿಗೆ ಸೊನ್ನೆ, ಯಾಕೆಂದರೆ ಬಿಲ್ಲಿಲ್ಲ. ಉಳಿದರ್ಧ ನನ್ನ ತಂಗಿಯಿಂದ ಇಸ್ಕೊಂಡೆ. ಹೊಸ ಫೋರ್ಕ್ ಬಂತು, ಯಜಮಾನರೇ ಕೂರಿಸಿದರು, ತಿಂಗಳ ಕೊನೆಗೆ ಎರಡು ದಿನ ಇರುವಾಗ ನನ್ನ ರೂಟು ಉಳಿಯಿತು. ಅಬ್ಬಾ, ಮುಗೀತು ಅಂತ ಕೈಮುಗಿದೆ.

ಮುಗಿದಿರಲಿಲ್ಲ. ಇನ್ನೊಂದು ತಿಂಗಳಿಗೆ ಬೇಕರಿಯವನು ಒಂದು ಕಾಗದ ಹಿಡಿದುಕೊಂಡು ಶೆಡ್ಡಿಗೆ ಬಂದ. ಬ್ರೆಡ್ ಹಾಕಲು ಹೋಗುವಾಗ ಅವನ ಗಾಡಿಗೆ ಒಂದು ಕಾರು ಗುದ್ದಿತ್ತು. ಅವನದ್ದೂ ಅದೇ ಕಂಪನಿ. ಹಿಂದೆ ರಿಪೇರಿ ಮಾಡಿದ್ದು ಯಾರು ಅಂತ ಅವರು ಕೇಳಿದ್ದಕ್ಕೆ ಇವರ ಹೆಸರು ಬರೆದಿದ್ದನಂತೆ. ಕಾಗದದಲ್ಲಿ ಹೀಗಿತ್ತು: ಈ ವಾಹನದ ಮಡ್‌ಗಾರ್ಡನ್ನು ಹಿಂದೆ ದುರಸ್ತಿ ಮಾಡಿದ ವ್ಯಕ್ತಿಯ ಕೆಲಸ ನಂಬಲು ಯೋಗ್ಯವಲ್ಲವೆಂದು ಅವರೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ ನಿಮ್ಮ ಕ್ಲೇಮ್ ತಿರಸ್ಕರಿಸಲಾಗಿದೆ.

"ಹೌದಾ ಮಾಮ? ಹೀಗೆ ಬರೆದುಕೊಟ್ಟಿದ್ದೀರಾ?" ಅಂತ ಕೇಳಿದ. ಜಗಳ ಮಾಡುವ ದನಿ ಅಲ್ಲ ಅದು. ಇವರು ಕಾಗದವನ್ನು ಎರಡು ಸಲ ಓದಿ ವಾಪಸ್ ಕೊಟ್ಟರು. "ಸಹಿ ನನ್ನದೇ," ಅಂದರು.

ಮುಂದಿನ ವಾರ ಪೋಸ್ಟ್‌ಮ್ಯಾನ್‌ಗೆ ಅದೇ ಕಾಗದ. ಆಮೇಲೆ ಡ್ರೈವಿಂಗ್ ಸ್ಕೂಲಿನವನಿಗೆ. ನಮ್ಮ ಬೀದಿಯಲ್ಲಿ ಇವರ ಕೈ ತಾಗದ ಗಾಡಿ ಯಾವುದಿದೆ ಹೇಳಿ! ಯಾರೂ ಬೈಯಲಿಲ್ಲ. "ತಪ್ಪು ತಿಳ್ಕೋಬೇಡಿ ಮಾಮ, ಇನ್ಶೂರೆನ್ಸ್ ತೊಂದರೆ ಆಗುತ್ತಲ್ಲ ಅಂತ" ಅನ್ನೋರು, ಗಾಡಿಯನ್ನು ಮುಂದಿನ ಬೀದಿಗೆ ತಳ್ಳಿಕೊಂಡು ಹೋಗೋರು. ಶೆಡ್ಡು ಖಾಲಿಯಾಯಿತು. ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆದು, ಗುಡಿಸಿ, ಸ್ಟೂಲಿನ ಮೇಲೆ ಕೂರೋರು. ಮಧ್ಯಾಹ್ನ ಎದ್ದು ಊಟಕ್ಕೆ ಬರೋರು. ನನ್ನ ಪಾತ್ರೆಗಳ ಕಡೆಗೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಸಹಿ ಹಾಕುವಾಗ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆನಲ್ಲ.

ಒಂದು ದಿನ ಲ್ಯಾಬಿನಿಂದ ನೇರವಾಗಿ ಕಚೇರಿಗೆ ಹೋದೆ. ಲಿಫ್ಟ್ ಇನ್ನೂ ಕೆಟ್ಟೇ ಇತ್ತು.

"ಮೇಡಂ, ನಿಮ್ಮ ಸರ್ವೇಯರ್ ನಮ್ಮ ಯಜಮಾನರ ಕೆಲಸ ನೋಡಿ ಹಾನಿಯೇ ಕಾಣಲ್ಲ ಅಂತ ಬರೆದರು. ನೀವು ಇವರ ಕೆಲಸ ನಂಬೋ ಹಾಗಿಲ್ಲ ಅಂತೀರಿ. ಯಾವುದು ಸರಿ?"

"ಎರಡೂ ಸರಿ ಅಮ್ಮ," ಅಂದರು, ನಿಜವಾಗಲೂ ಸಮಾಧಾನ ಮಾಡುವ ದನಿಯಲ್ಲಿ. "ಹಾಳೆ ಬೇರೆ ಬೇರೆ."

"ಆ ಹಾಳೆ ವಾಪಸ್ ಕೊಡಿ."

"ಅದರ ಮೇಲೆ ದುಡ್ಡು ಕೊಟ್ಟಾಗಿದೆಯಲ್ಲ."

ನಾನು ಚೀಲದಿಂದ ನಾಲ್ಕು ಸಾವಿರದ ಇನ್ನೂರು ತೆಗೆದು ಮೇಜಿನ ಮೇಲೆ ಇಟ್ಟೆ. ತಂಗಿಗೆ ತೀರಿಸಲು ಕೂಡಿಟ್ಟಿದ್ದು. ಮೇಡಂ ಗಾಬರಿಯಾಗಿ ಕುರ್ಚಿ ಹಿಂದಕ್ಕೆ ಸರಿಸಿದರು. ಅವರ ಇಪ್ಪತ್ತು ವರ್ಷದ ನೌಕರಿಯಲ್ಲಿ ದುಡ್ಡು ವಾಪಸ್ ತಂದವಳು ನಾನೇ ಮೊದಲಂತೆ. ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದರು.

"ಸುಮ್ಮನೆ ಇಸ್ಕೊಳ್ಳೋಕೆ ಬರಲ್ಲ. ಕ್ಲೇಮೇ ಸುಳ್ಳು ಅಂತ ನೀವು ಬರೆದುಕೊಟ್ಟರೆ ಫೈಲು ರದ್ದಾಗುತ್ತೆ. ಫೈಲು ರದ್ದಾದ್ರೆ ಅದರೊಳಗಿನ ಎಲ್ಲಾ ಕಾಗದವೂ ರದ್ದು. ಆದ್ರೆ ನಿಮ್ಮ ಹೆಸರು ಸುಳ್ಳು ಕ್ಲೇಮಿನವರ ಪಟ್ಟಿಗೆ ಹೋಗುತ್ತೆ. ಇನ್ನು ಮುಂದೆ ಯಾವ ಕಂಪನಿಯೂ ನಿಮಗೆ ಫುಲ್ ಇನ್ಶೂರೆನ್ಸ್ ಕೊಡಲ್ಲ. ಕಾನೂನಿಗೆ ಬೇಕಾದಷ್ಟು ಮಾತ್ರ ಕೊಡ್ತಾರೆ. ನಾಳೆ ಇನ್ನೊಂದು ಟ್ಯಾಂಕರ್ ಹತ್ತಿದ್ರೆ ನಿಮ್ಮ ಹಣೆಬರಹ."

"ಕೊಡಿ ಫಾರಂ."

'ನನ್ನ ವಾಹನಕ್ಕೆ ಯಾವುದೇ ಅಪಘಾತವಾಗಲೀ ಹಾನಿಯಾಗಲೀ ಆಗಿರಲಿಲ್ಲ. ನಾನು ಸುಳ್ಳು ಹೇಳಿ ಹಣ ಪಡೆದಿದ್ದೆ.' ಓದುವಾಗ ಕಿವಿ ಬಿಸಿಯಾಯಿತು. ಐವತ್ತೆರಡು ವರ್ಷದಲ್ಲಿ ಯಾರದ್ದೂ ಒಂದು ಸೂಜಿ ಮುಟ್ಟಿದವಳಲ್ಲ ನಾನು. ಸಹಿ ಹಾಕಿದೆ.

"ಪರಿಶೀಲನೆಗೆ ಸರ್ವೇಯರ್ ಬರ್ತಾರಾ?" ಅಂತ ಕೇಳಿದೆ.

"ಇದಕ್ಕೆಲ್ಲ ಪರಿಶೀಲನೆ ಬೇಡ ಅಮ್ಮ," ಅಂದು ಮೇಡಂ ಧಪ್ ಅಂತ ಸೀಲು ಒತ್ತಿದರು. ನಿಜ ಹೇಳಿದಾಗ ಇಪ್ಪತ್ತು ದಿನ ಹಿಡಿದಿತ್ತು, ಸುಳ್ಳಿಗೆ ಐದೇ ನಿಮಿಷ ಹಿಡಿಯಿತು.

ಮನೆಯಲ್ಲಿ ಹೇಳಲಿಲ್ಲ. ಮೂರು ವಾರದ ಮೇಲೆ ಬೇಕರಿಯವನು ಓಡಿಕೊಂಡು ಬಂದ, ಕೈಯಲ್ಲಿ ಹೊಸ ಕಾಗದ. ಅವನ ಕ್ಲೇಮ್ ಒಪ್ಪಿದ್ದಾರಂತೆ, ಹಿಂದಿನ ಆಕ್ಷೇಪಣೆ ರದ್ದಂತೆ. "ಮಾಮ, ಮಡ್‌ಗಾರ್ಡ್ ನೀವೇ ತಟ್ಟಿಕೊಡಬೇಕು. ಆ ಮುಂದಿನ ಬೀದಿಯವನು ಮುಟ್ಟಿದ್ದಕ್ಕೆ ಇನ್ನೂ ಹಾಳಾಗಿದೆ," ಅಂದ. ಯಜಮಾನರ ಮುಖ ಅರಳಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಬಾಯಿ ಹಿಡಿಯಲಾಗಲಿಲ್ಲ. ಅವನ ಎದುರಿಗೇ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಮೂರು ಮಹಡಿ ಹತ್ತಿದ್ದು, ದುಡ್ಡು ಇಟ್ಟಿದ್ದು, ಸಹಿ ಹಾಕಿದ್ದು. ಯಜಮಾನರು ಒಂದು ಒಳ್ಳೆಯ ಮಾತು ಆಡುತ್ತಾರೆ ಅಂತ ಕಾದೆ.

"ಏನಂತ ಬರೆದುಕೊಟ್ಟೆ?" ಅಂದರು.

"ಹಾನಿಯೇ ಆಗಿರಲಿಲ್ಲ ಅಂತ."

ಮೂವತ್ತು ವರ್ಷದಲ್ಲಿ ಇವರು ದನಿ ಏರಿಸಿದ್ದು ನಾನು ಕೇಳಿಲ್ಲ. ಅವತ್ತು ಕೇಳಿದೆ.

"ಆಗಿರಲಿಲ್ವಾ? ಅಂಗೈ ಅಗಲ ನೆಗ್ಗಿತ್ತು ಕಣೇ! ಬೆರಳಿಟ್ಟರೆ ಎರಡು ಗೆಣ್ಣು ಒಳಗೆ ಹೋಗ್ತಿತ್ತು. ಅಂಥ ನೆಗ್ಗನ್ನ ನನ್ನ ಜನ್ಮದಲ್ಲಿ ತಟ್ಟಿ ಎತ್ತಿರಲಿಲ್ಲ. ನನ್ನ ಕೈ ಸರಿಯಿಲ್ಲ ಅಂತ ಬೇಕಾದ್ರೆ ಅವರು ಊರಿಗೆಲ್ಲ ಕಾಗದ ಹಂಚಲಿ. ನೀನು, ನೀನೇ ಹೋಗಿ ಅಲ್ಲಿ ಏನೂ ಇರಲೇ ಇಲ್ಲ ಅಂತ ಬರೆದುಕೊಟ್ಟು ಬಂದ್ಯಾ?"

ಬೇಕರಿಯವನು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡ. ಯಜಮಾನರು ಹತ್ತಿರ ಬಂದರು, ದನಿ ಇಳಿದಿತ್ತು.

"ಹಾಗಾದ್ರೆ ಒಂಬತ್ತು ದಿನ ನಾನು ತಟ್ಟಿದ್ದು ಏನನ್ನ?"